ಮಲ್ಲಿಕಾಳ ಹನ್ನೆರಡನೆಯ ಪೇಪರು

ಮಡಗಾಂವ್ ಮಾರ್ಕೆಟ್ಟಿನಲ್ಲಿ ಸೀರೆ ಅಂಗಡಿ ಇಟ್ಟಿರುವ ಬೆಳಗಾವಿಯ ಸಿದ್ರಾಮಪ್ಪನವರ ಮಗಳು ಮಲ್ಲಿಕಾ, ಮನಶ್ಶಾಸ್ತ್ರದಲ್ಲಿ ಹನ್ನೊಂದು ಸಂಶೋಧನಾ ಪೇಪರು ಬರೆದವಳು. ಬರೆದದ್ದು ಹನ್ನೊಂದು, ಅವುಗಳ ಉಲ್ಲೇಖ ಬಂದದ್ದು ಇಡೀ ಜಗತ್ತಿನಲ್ಲಿ ನಾಲ್ಕೇ ಕಡೆ. ಅದರಲ್ಲಿ ಮೂರು ಕಡೆ ಉಲ್ಲೇಖಿಸಿದವಳು ಬೇರೆ ಯಾರೂ ಅಲ್ಲ, ಸ್ವತಃ ಮಲ್ಲಿಕಾ!

"ಇದು ಹೆಂಗಾತಂದ್ರ, ಅಂಗಡ್ಯಾಗಿನ ಸೀರಿ ಮನಿಯವರ ಉಟ್ಟು, ಮಾಲು ಭಾಳ ಹೋತು ಅಂದಂಗಾತು," ಎಂದು ಅಪ್ಪ ಊಟಕ್ಕೆ ಕೂತಾಗಲೆಲ್ಲ ಛೇಡಿಸುತ್ತಿದ್ದರು. ಮಲ್ಲಿಕಾಳೂ ನಗುತ್ತಿದ್ದಳು. ಆದರೆ ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ಅದೇ ಕುರ್ಚಿ, ಅದೇ ಹುದ್ದೆ. ಮೇಲಿನ ಹುದ್ದೆಗೆ ಇನ್ನು ಹತ್ತು ಅಂಕ ಬೇಕಿತ್ತು. ಒಳ್ಳೆಯ ಪತ್ರಿಕೆಯಲ್ಲಿ ಒಂದು ಪೇಪರು ಬಂದರೆ ಆ ಹತ್ತೂ ಸಿಗುತ್ತಿದ್ದವು.

ಸರಿ, ಹನ್ನೆರಡನೆಯದಕ್ಕೆ ಕೈ ಹಾಕಿದಳು. ಊರು ಬಿಟ್ಟು ಬಂದು ಕಟ್ಟಡದ ಕೆಲಸ ಮಾಡುವ ಹೆಂಗಸರ ಮನಸ್ಸು ಹೇಗಿರುತ್ತದೆ ಎಂಬುದು ವಿಷಯ. ಚಿಂಬಲ್‌ನ ಕನ್ನಡದ ಕೂಲಿಕಾರರ ಬಸ್ತಿಯಲ್ಲಿ ಅರವತ್ತು ಮನೆ ಹತ್ತಿ ಇಳಿದು ಕೇಳಿದಳು: "ಹೋದ ಹದಿನೈದು ದಿವಸದಾಗ ನಿಮಗ ಎಷ್ಟು ಸಲ ಬ್ಯಾಸರ ಆಗೇತಿ?" ಅರವತ್ತೂ ಜನರದು ಒಂದೇ ಉತ್ತರ. "ಏನಿಲ್ರಿ, ಆರಾಮ ಅದೀವಿ. ಚಾ ಕುಡೀರಿ." ಮಲ್ಲಿಕಾ ಹಾಗೆಯೇ ಬರೆದು ಕಳಿಸಿದಳು. ಇಷ್ಟೊಂದು ಸುಖವಾಗಿರುವ ಕೂಲಿಕಾರರು ಭೂಮಿಯ ಮೇಲೆ ಎಲ್ಲಿದ್ದಾರೆ ಎಂದು ಕೇಳಿ ಪತ್ರಿಕೆಯವರು ಪೇಪರನ್ನು ವಾಪಸ್ಸು ಕಳಿಸಿದರು.

ಅವಳು ಮತ್ತೆ ಚಿಂಬಲ್‌ಗೆ ಹೋಗಿ ಸಾವಂತ್ರೆವ್ವನ ಮನೆಯ ಕಟ್ಟೆಯ ಮೇಲೆ ಕುಸಿದು ಕೂತಳು. ಸಾವಂತ್ರೆವ್ವ ಸಿಮೆಂಟು ಹೊರುವ ಹೆಂಗಸು. ಅರವತ್ತು ಜನರಲ್ಲಿ ಮೊದಲು ಚಹಾ ಕೊಟ್ಟವಳು ಅವಳೇ. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಕ್ಕಾರ, ಮನಿಗೆ ಬಂದವರ ಮುಂದ ಯಾರರ ಗೋಳು ಹೇಳ್ಕೋತಾರೇನ್ರಿ? ನಿಮ್ಮ ಅವ್ವಾರಿಗೆ ಜ್ವರ ಬಂದಾಗ ಬೀಗರು ಕೇಳಿದ್ರ ಏನಂತಾರ?"

"ಆರಾಮ ಅದೀನಿ ಅಂತಾಳ," ಎಂದಳು ಮಲ್ಲಿಕಾ. ಅನ್ನುತ್ತಲೇ ನಾಲಿಗೆ ಕಚ್ಚಿಕೊಂಡಳು. ಅದೇ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಇಷ್ಟೂ ಹೊಳೆಯಲಿಲ್ಲವಲ್ಲ! ಅತಿ ಓದು ಅಂದರೆ ಇದೇ.

"ಮನಸ್ಸಿಂದು ಕೇಳಬ್ಯಾಡ್ರಿ," ಎಂದಳು ಸಾವಂತ್ರೆವ್ವ. "ಮೊಸರಿನ ಹೆಪ್ಪು ತೀರಿದ್ರ ಎಷ್ಟು ಮನಿ ಬಾಗಲಕ್ಕ ಹೋಗಿ ಕೇಳ್ತೀರಿ ಅಂತ ಕೇಳ್ರಿ. ಯಾರಿಗೆ ತನ್ನವರು ಅನ್ನವರು ಎಷ್ಟು ಮಂದಿ ಅದಾರ ಅಂತ ಅದರಾಗ ಗೊತ್ತಾಗ್ತದ. ಮತ್ತ ಮುಂಜಾನೆ ಕೇಳ್ರಿ. ದೀಪ ಹಚ್ಚಿದ ಮ್ಯಾಲ ಹೆಪ್ಪಿನ ಮಾತು ಯಾರೂ ಎತ್ತಂಗಿಲ್ಲ."

ನಾಲ್ಕು ಭಾನುವಾರ ಇಬ್ಬರೂ ಕೂಡಿಯೇ ತಿರುಗಿದರು. ಈಗ ಹೆಂಗಸರು ಬಾಯಿ ಬಿಟ್ಟರು. ಹತ್ತು ಮನೆಗೆ ಹೋಗುವವರಿದ್ದರು, ಎರಡೇ ಮನೆಗೆ ಹೋಗುವವರೂ ಇದ್ದರು. ಲಾಲಿಬಾಯಿ ಎಂಬಾಕೆ ಬೆರಳು ಮಡಚಲು ಕೈ ಎತ್ತಿದಳು. ಒಂದು ಬೆರಳನ್ನೂ ಮಡಚದೆ, "ಯಾರ ಮನಿಗೂ ಹೋಗಂಗಿಲ್ರಿ," ಎಂದು ಅಳಲು ಶುರು ಮಾಡಿದಳು. ಎರಡು ವರ್ಷದಿಂದ ಸರಿಯಾಗಿ ನಿದ್ದೆ ಮಾಡಿಲ್ಲ ಎಂಬುದು ಆಮೇಲೆ ಹೊರಗೆ ಬಂತು. ಅಂಥವರು ಹದಿನಾಲ್ಕು ಜನ ಸಿಕ್ಕರು. ಲಾಲಿಬಾಯಿಯನ್ನು ಸಾವಂತ್ರೆವ್ವ ಅವತ್ತೇ ತನ್ನ ಮನೆಗೆ ಊಟಕ್ಕೆ ಎಳೆದುಕೊಂಡು ಹೋದಳು.

ಹೊಸದಾಗಿ ಬರೆದ ಪೇಪರನ್ನು ಪತ್ರಿಕೆ ಒಪ್ಪಿತು. ಅಚ್ಚಿಗೆ ಕಳಿಸುವ ಕೊನೆಯ ಪ್ರತಿಯಲ್ಲಿ ಲೇಖಕರ ಹೆಸರು ತುಂಬುವಾಗ ಮಲ್ಲಿಕಾ ತನ್ನ ಹೆಸರಿನ ಪಕ್ಕದಲ್ಲಿ ಸಾವಂತ್ರೆವ್ವನ ಹೆಸರನ್ನೂ ಬರೆದಳು. ಸಹೋದ್ಯೋಗಿ ಸೋಮನಾಥ ಹೌಹಾರಿದ.

"ಹುಚ್ಚು ಹಿಡದೇತೇನು ನಿನಗ? ಇಬ್ಬರ ಹೆಸರಿದ್ರ ಅಂಕ ಅರ್ಧ ಆಗ್ತಾವು. ಕೆಳಗ ಒಂದು ಥ್ಯಾಂಕ್ಸ್ ಬರದು ಬಿಡು."

ಮಲ್ಲಿಕಾ ಎರಡು ದಿನ ಒದ್ದಾಡಿದಳು. ಹೆಸರು ಅಳಿಸಿದಳು, ಬರೆದಳು, ಮತ್ತೆ ಅಳಿಸಿದಳು. ಪೇಪರಿನ ಜೀವವೇ ಆ ಪ್ರಶ್ನೆ, ಅದು ತನ್ನದಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಎರಡೂ ಹೆಸರಿಟ್ಟೇ ಕಳಿಸಿದಳು. ಕಳಿಸಿದ ಮೇಲೆ ಹೊಟ್ಟೆ ತುಂಬ ಉಂಡು ಮಲಗಿದಳು.

ಬಡ್ತಿ ಸಮಿತಿ ಐದೇ ಅಂಕ ಕೊಟ್ಟಿತು, ಹುದ್ದೆ ತಪ್ಪಿತು. ಆದರೆ ಪೇಪರು ಸುಮ್ಮನೆ ಕೂರಲಿಲ್ಲ. ಸೂರತ್ತಿನಲ್ಲಿ ಒಬ್ಬರು ಅದೇ ಪ್ರಶ್ನೆಯನ್ನು ಗಿರಣಿ ಕೆಲಸದವರಿಗೆ ಕೇಳಿದರು, ಕೊಚ್ಚಿಯಲ್ಲಿ ಸೋಫಿಯಾ ಎಂಬಾಕೆ ಮೀನು ಮಾರುವವರಿಗೆ ಕೇಳಿದಳು. ವರ್ಷ ತುಂಬುವುದರೊಳಗೆ ಹತ್ತೊಂಬತ್ತು ಉಲ್ಲೇಖ, ಒಂದೂ ಮಲ್ಲಿಕಾಳದ್ದಲ್ಲ. ಸಿದ್ರಾಮಪ್ಪನವರು ಸೀರೆ ಕೊಳ್ಳಲು ಬಂದವರಿಗೆಲ್ಲ ಆ ಲೆಕ್ಕ ಹೇಳಿ, ಪಾಪ, ಗಿರಾಕಿಗಳ ತಲೆ ತಿಂದರು.

ಹುದ್ದೆ ತಪ್ಪಿದ ಸುದ್ದಿ ಸಾವಂತ್ರೆವ್ವನ ಕಿವಿಗೆ ತಡವಾಗಿ ಬಿತ್ತು. ಮಲ್ಲಿಕಾ ಬಂದಾಗ ಮುಖ ಗಂಟು ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದಳು.

"ಎರಡು ಹೆಸರಿದ್ರ ಅಂಕ ಅರ್ಧ ಆಗ್ತಾವಂತ ಮೊದಲ ಯಾಕ ಹೇಳಲಿಲ್ರಿ?"

"ಹೇಳಿದ್ರ ಹೆಸರು ತಗೀರಿ ಅಂತಿದ್ದಿ."

"ಖರೇನ ಅಂತಿದ್ದೆ." ಸಾವಂತ್ರೆವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು. "ನಿಮಗ ಎಷ್ಟು ಸಿಕ್ಕಾವು?"

"ಐದು."

"ಇನ್ನ ಎಷ್ಟು ಬೇಕು?"

"ಐದು."

ಸಾವಂತ್ರೆವ್ವ ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಂಡು ಮಣೆ ಸರಿಸಿದಳು. "ಕುಂದರ್ರಿ, ಬರಕೋರಿ. ಕೆಲಸಕ್ಕ ಹೋಗೂಮುಂದ ಮನಿ ಕೀಲಿ ಯಾರ ಕೈಯಾಗ ಕೊಡ್ತೀರಿ? ಈ ಸಲ ಇದನ್ನ ಕೇಳೂಣು."

"ಇದಕ್ಕೂ ನಿನ್ನ ಹೆಸರು ಹಾಕಾಕಿನ ನಾ."

"ಹಾಕ್ರಲ್ಲ, ಯಾರು ಬ್ಯಾಡಂದ್ರು? ಅರ್ಧಕ್ಕ ಅರ್ಧ ಕೂಡಿದ್ರ ಪೂರಾ ಆಗ್ತದಿಲ್ಲೋ?"

ಮಲ್ಲಿಕಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ನೋಟುಬುಕ್ಕು ತೆಗೆದು ಹೊಸ ಪುಟದ ಮೇಲೆ ಮೊದಲು ಎರಡೂ ಹೆಸರು ಬರೆದಳು. ಪ್ರಶ್ನೆಯನ್ನು ಆಮೇಲೆ ಬರೆದಳು.