ಮೋರಖಂಡಿಯ ಭಿಕ್ಷೆ

ಘಾಟಬೋರಾಳದ ಕೂಲಿಯಾಳು ಉತ್ತಮ ಐವತ್ತು ದಾಟಿದ ಮೇಲೆ ತಲೆ ಬೋಳಿಸಿಕೊಂಡು ಹತ್ತು ದಿನದ ಶ್ರಾಮಣೇರನಾಗಲು, ಅಂದರೆ ಬೌದ್ಧ ಕಿರಿಯ ಭಿಕ್ಷುವಾಗಲು, ಹೊರಟಾಗ ಊರೆಲ್ಲ ನಕ್ಕಿತು. ಸೇಂದಿ ಅಂಗಡಿ ಇವನನ್ನು ಬಿಟ್ಟೀತೇ! ಅದು ೨೦೦೩ರ ಮಳೆಗಾಲ. ಹತ್ತಿರದ ಹುಮನಾಬಾದಿನಲ್ಲೇ ಅಂಥ ದೀಕ್ಷೆಯ ಶಿಬಿರವಿತ್ತು. "ಅದನ್ನ ಬಿಟ್ಟು ಕಲ್ಯಾಣಕ್ಕ ಯಾಕ ಹೊಂಟೀಯೋ?" ಎಂದು ನೆರೆಮನೆಯ ವೈಜನಾಥ ಕೆಣಕಿದ. ಉತ್ತಮ ಚೀಲ ಹೆಗಲಿಗೇರಿಸಿ ಕಲ್ಯಾಣದ ಬಸ್ ಹತ್ತಿದ.

ಕಾರಣ ಮೋರಖಂಡಿ. ಬಸವಕಲ್ಯಾಣದ ವಿಹಾರದವರು ಭಿಕ್ಷೆಗೆ ಹೋಗುವ ಊರದು. ಅಲ್ಲೇ ಅವನ ಒಬ್ಬಳೇ ಮಗಳು ಧನಶ್ರೀಯ ಗಂಡನ ಮನೆ. ಹೆಂಡತಿ ಅಂಬುಬಾಯಿ ಪ್ರಾಣ ಬಿಡುವಾಗ ಉತ್ತಮ ಕುಡಿದು ಎಲ್ಲೋ ಬಿದ್ದಿದ್ದ, ಮಣ್ಣು ಮಾಡಿದ ಮೇಲೆ ಬಂದ. ಅಂದಿನಿಂದ ಅವನು ಹೋದಾಗಲೆಲ್ಲ ಮಗಳು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಖಾಲಿ ಮನೆಯಲ್ಲಿ ಒಬ್ಬನೇ ಉಂಡು ಉಂಡು ಅನ್ನವೇ ಬೇಸರವಾಗಿತ್ತು. ಭಿಕ್ಷೆಗೆ ಬೌದ್ಧ ಭಿಕ್ಷು, ಭಂತೇಜಿ, ಬಂದರೆ ಯಾರೂ ಬಾಗಿಲು ಹಾಕುವುದಿಲ್ಲವಲ್ಲ ಎಂಬುದು ಅವನ ಲೆಕ್ಕಾಚಾರ. ಬೈಯಬೇಕೋ ಮರುಗಬೇಕೋ, ನೀವೇ ಹೇಳಿ.

ವಿಹಾರದ ಹಿರಿಯ ಭಂತೇಜಿ ಭಿಕ್ಷುಗಳ ಕಾವಿ ಬಟ್ಟೆ ಚೀವರ ಉಡಿಸಿ, ಹತ್ತು ಶೀಲ ಹೇಳಿಸಿ, ಭಿಕ್ಷೆಯ ರೀತಿ ಕಲಿಸಿದರು. "ಬಾಗಿಲ ಮುಂದ ಸುಮ್ಮನ ನಿಲ್ಲಬೇಕು. ಕರೀಬಾರದು, ಬೇಡಬಾರದು. ನೀಡಿದ್ರ ತಗೋಬೇಕು, ಇಲ್ಲಂದ್ರ ಮುಂದ ನಡೀಬೇಕು."

ಮೋರಖಂಡಿಯ ಸರದಿ ಬಂದ ಬೆಳಿಗ್ಗೆ ಧನಶ್ರೀ ಸೆರಗು ಹೊದ್ದು, ರೊಟ್ಟಿ ಹಿಡಿದು ಹೊರಗೆ ಬಂದಳು. ತಲೆ ಎತ್ತದೆ, ಸಾಲಾಗಿ ನಿಂತಿದ್ದ ಭಿಕ್ಷುಗಳಲ್ಲಿ ಒಬ್ಬೊಬ್ಬರ ಕಾಲಿಗೂ ಎರಗಿ ಪಾತ್ರೆಗೆ ನೀಡುತ್ತ ಬಂದವಳು ಉತ್ತಮನ ಪಾದದ ಬಳಿ ತಡೆದಳು. ಕೊಡಲಿ ಬಿದ್ದು ಅರ್ಧ ಹೋದ ಆ ಹೆಬ್ಬೆರಳು ಅವಳು ಚಿಕ್ಕಂದಿನಿಂದ ಕಂಡದ್ದು. ಮುಖ ಎತ್ತಿ ನೋಡಿದಳು. "ನನ್ನವ್ವಾ" ಎಂಬ ಮಾತು ಅವನ ಗಂಟಲವರೆಗೆ ಬಂತು. ಕರೆಯುವಂತಿಲ್ಲ, ನುಂಗಿಕೊಂಡ.

ಅವಳು ಎರಗಿದಳು, ರೊಟ್ಟಿ ನೀಡಿದಳು. ಆಮೇಲೆ ಅವನಿಗಷ್ಟೇ ಕೇಳುವಂತೆ, "ಭಂತೇಜಿ ಆಗಿ ಬಂದ್ರ ಯಾವಾಗ್ಲೂ ನೀಡ್ತೀನ್ರಿ. ಇದನ್ನ ಬಿಚ್ಚಿಟ್ಟು ನಮ್ಮಪ್ಪ ಆಗಿ ಬರಬ್ಯಾಡ್ರಿ" ಎಂದು ಒಳಗೆ ಹೋದಳು.

ಶಿಬಿರ ಮುಗಿದ ದಿನ ಉಳಿದವರು ಚೀವರ ಮಡಚಿಟ್ಟು, ಅಂಗಿ ತೊಟ್ಟು, ನಗುತ್ತ ಬಸ್‌ಸ್ಟ್ಯಾಂಡಿಗೆ ಹೋದರು. ಉತ್ತಮ ಮಾತ್ರ ಗೋಡೆಗೆ ಒರಗಿ ಕುಳಿತೇ ಇದ್ದ.

"ಬಿಚ್ಚಂಗಿಲ್ಲೇನು?" ಎಂದರು ಭಂತೇಜಿ.

"ಇಲ್ರಿ. ಹಿಂಗೇ ಇರ್ತೀನ್ರಿ."

"ಸಂಸಾರ ಸಾಕಾತೇನು?"

ಸುಳ್ಳಾಡುವುದಿಲ್ಲವೆಂದು ಶೀಲ ತೊಟ್ಟವನು. ತಲೆ ತಗ್ಗಿಸಿ ಹೇಳಿದ: "ಸಾಕಾಗಿಲ್ರಿ ಭಂತೇಜಿ. ಮೋರಖಂಡಿಗೆ ನನ್ನ ಕಳಸ್ತಾ ಇರ್ರಿ."