ಟೋಟಲಿ ಸಿಕ್

ಬೈಲಹೊಂಗಲದ ನಮ್ಮ ಮನೆಯಲ್ಲೇ ಕುಳಿತು ನಾನು ಬ್ಲೌಸುಗಳಿಗೆ ಕಸೂತಿ ಮಾಡಿಕೊಡುತ್ತೇನೆ. ಕಳೆದ ವರ್ಷ ಸವದತ್ತಿಯ ಹುಡುಗಿಯೊಬ್ಬಳ ಮದುವೆ ಬ್ಲೌಸಿಗೆ ತೋಳ ತುಂಬ ನವಿಲು ಕೂರಿಸಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದೆ. ಸಂಜೆಯಾದರೂ ಸುದ್ದಿಯಿಲ್ಲ. 'ಬ್ಲೌಸ್ ಹೆಂಗ ಆಗೈತವಾ?' ಎಂದು ವಾಟ್ಸಾಪಿನಲ್ಲಿ ಕೇಳಿದೆ.

'ಟೋಟಲಿ ಸಿಕ್, ಆಂಟಿ' ಎಂದು ಉತ್ತರ ಬಂತು.

ಸಿಕ್ ಅಂದರೆ ಆರಾಮಿಲ್ಲ ಎನ್ನುವಷ್ಟು ಇಂಗ್ಲಿಷ್ ನನಗೂ ಬರುತ್ತದೆ. ಪಾಪ, ಬ್ಲೌಸ್ ತೊಟ್ಟು ನೋಡುವಷ್ಟೂ ತ್ರಾಣವಿಲ್ಲವೇನೋ ಅಂದುಕೊಂಡು 'ಟೇಕ್ ಕೇರ್' ಎಂದು ಬರೆದೆ. ಅವಳು ಕೆಂಪು ಹೃದಯ ಕಳಿಸಿದಳು.

ಮರುದಿನ ಮದುವೆ ಹುಡುಗನ ಸೋದರತ್ತೆ ಬಂದರು. ನಮ್ಮ ಓಣಿಯವರೇ. ತಮ್ಮ ಬ್ಲೌಸಿಗೂ ಕಸೂತಿ ಬೇಕಿತ್ತು. ಮಾತಿಗೆ ಮಾತು ಬಂದು, "ಹುಡುಗಿಗೆ ಭಾಳ ಆರಾಮಿಲ್ಲಂತಲ್ರಿ" ಎಂದುಬಿಟ್ಟೆ.

"ನಮಗ ಯಾರೂ ಹೇಳೇ ಇಲ್ಲಲ್ಲ" ಎಂದವರು ಬಟ್ಟೆಯನ್ನು ಮಡಚಿಕೊಂಡು ಎದ್ದು ಹೋದರು.

ಮಧ್ಯಾಹ್ನವೇ ಹುಡುಗನ ಕಡೆಯ ಹಿರಿಯರು ಮೋಸಂಬಿ, ಎಳನೀರು ತೆಗೆದುಕೊಂಡು ಸವದತ್ತಿಗೆ ಹೋದರಂತೆ. ಹುಡುಗಿ ಅಂಗಳದಲ್ಲಿ ಗೆಳತಿಯರ ಜೊತೆ ಡಾನ್ಸ್ ಕಲಿಯುತ್ತಿದ್ದಳಂತೆ. ಅದನ್ನು ಕಣ್ಣಾರೆ ನೋಡಿಯೂ ಅವರಲ್ಲೊಬ್ಬರು, "ಏನರ ಮುಚ್ಚಿಡಾಕ ಹತ್ತೀರೇನ್ರಿ?" ಎಂದು ಕೇಳಿದರಂತೆ.

ಹುಡುಗಿಯ ತಾಯಿ ನನಗೆ ಫೋನ್ ಮಾಡಿದರು. "ಅಕ್ಕಾರ, ನನ್ನ ಮಗಳಿಗೆ ಏನಾಗೈತ್ರಿ?"

ನನಗೆ ಬಂದಿದ್ದ ಮೆಸೇಜನ್ನು ಓದಿ ಹೇಳಿದೆ. ಅತ್ತ ಕಡೆ ಹುಡುಗಿ ಫೋನ್ ಇಸಿದುಕೊಂಡಳು. "ಆಂಟಿ, ಸಿಕ್ ಅಂದ್ರ ಭಾರಿ ಚೊಲೊ ಆಗೈತಿ ಅಂತ. ಕಾಲೇಜಿನ್ಯಾಗ ನಾವೆಲ್ಲ ಹಂಗ ಅಂತೇವ್ರಿ. ನಂದ ತಪ್ಪಾತು, ಕನ್ನಡದಾಗ ಬರೀಬೇಕಿತ್ತು."

ಅವಳು ತಪ್ಪಾಯಿತೆಂದದ್ದು ಕೇಳಿ ನನಗೆ ಇನ್ನಷ್ಟು ನಾಚಿಕೆಯಾಯಿತು. ಅವಳು ಬರೆದದ್ದು ನನಗೊಬ್ಬಳಿಗೆ. ಊರಿಗೆ ಹೇಳಿದವಳು ನಾನು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಸವದತ್ತಿಗೆ ಹೋದೆ. ತಾಯಿ ಚಹಾ ಕೊಟ್ಟರು. ಸಿಟ್ಟು ಮಾಡಲಿಲ್ಲ. "ನನಗೊಂದು ಫೋನ್ ಹಚ್ಚಿದ್ರ ಮುಗೀತಿತ್ತಲ್ರಿ" ಎಂದರು, ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹುಡುಗಿ ಬ್ಲೌಸ್ ತೊಟ್ಟು ಬಂದು ನನ್ನ ಮುಂದೆ ತೋಳು ಚಾಚಿದಳು. ಚಂದ ಕೂತಿತ್ತು.

ಅಲ್ಲಿಂದ ಹುಡುಗನ ಮನೆಗೂ ಹೋಗಿ ನನ್ನದೇ ತಪ್ಪೆಂದು ಹೇಳಿ ಬಂದೆ. ಮದುವೆ ಏನೂ ಕೊರತೆಯಿಲ್ಲದೆ ನಡೆಯಿತು. ಊಟದ ಹೊತ್ತಿನಲ್ಲಿ ಸೋದರತ್ತೆ ನನ್ನ ಪಕ್ಕದ ಖಾಲಿ ಕುರ್ಚಿ ನೋಡಿಯೂ ಮುಂದೆ ಹೋದರು. ಅವರ ತೋಳಿನ ಮೇಲಿದ್ದ ಕಸೂತಿ ಬೇರೆ ಯಾರದೋ ಕೈಕೆಲಸ.