ಮೊಮ್ಮಗಳ ಹಲ್ಲು, ನನ್ನ ವೈರ್ ಬ್ರಷ್

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಸ್ಪ್ಯಾನರ್ ಹಿಡಿದವನು ನಾನು. ತಾರಿಹಾಳದಲ್ಲಿ ಟೆಂಪೋ ರಿಪೇರಿ ಮಾಡುತ್ತಲೇ ತಲೆ ನೆರೆಯಿತು. ತಿಕ್ಕಿ ತೊಳೆದು ಬಿಗಿ ಮಾಡಿದರೆ ಸರಿಹೋಗದ್ದು ಯಾವುದೂ ಇಲ್ಲ ಎಂದೇ ನಂಬಿದ್ದೆ.

ಹೋದ ಬೇಸಿಗೆ ರಜೆಯಲ್ಲಿ ಎಂಟು ವರ್ಷದ ಮೊಮ್ಮಗಳು ನನ್ನ ವರ್ಕ್‌ಶಾಪಿನ ಮುಂದೆ ಸೈಕಲ್ಲಿನಿಂದ ಬಿದ್ದಳು. ಹಾಲುಹಲ್ಲು ಹೋಗಿ ಆಗಷ್ಟೇ ಬಂದಿದ್ದ ಮುಂದಿನ ಹಲ್ಲು ಬೇರುಸಹಿತ ಮಣ್ಣಿಗೆ ಬಿತ್ತು. ಮತ್ತೆ ಹುಟ್ಟುವ ಹಲ್ಲಲ್ಲ ಅದು. ನಾನೇನು ಮಾಡಿದೆ ಗೊತ್ತೇ? ಅಳುವ ಕೂಸನ್ನು ಬಿಟ್ಟು ಹಲ್ಲನ್ನು ಎತ್ತಿಕೊಂಡೆ! ಮಣ್ಣಾದ ಬೋಲ್ಟ್ ಸಿಕ್ಕಂತೆ ಕೈ ತಾನಾಗಿಯೇ ವೈರ್ ಬ್ರಷ್ಷಿನ ಕಡೆ ಹೋಯಿತು.

"ತಿಕ್ಕಬ್ಯಾಡ ಅಜ್ಜಾ! ಹಾಲಿನ್ಯಾಗ ಹಾಕು! ಸಾಲ್ಯಾಗ ಹೇಳ್ಯಾರ!" ರಕ್ತದ ಬಾಯಿಯಿಂದಲೇ ಚೀರಿದಳು.

ಎದುರಿನ ಚಹಾದಂಗಡಿಗೆ ಓಡಿ ತಣ್ಣನೆಯ ಹಾಲು ಕೇಳಿದೆ.

"ಚಹಾ ಬ್ಯಾಡೇನ್ರಿ ಕಾಕಾ?"

"ನನಗಲ್ಲೋ, ಹಲ್ಲಿಗೆ!"

ಅವನು ನನ್ನ ಬೊಚ್ಚುಬಾಯಿ ನೋಡಿ, "ಯಾವ ಹಲ್ಲಿಗ್ರಿ?" ಅಂದ.

ಹಾಲಿನ ಲೋಟದಲ್ಲಿ ಹಲ್ಲು ಹಾಕಿಕೊಂಡು, ಕೂಸನ್ನು ಕರಕೊಂಡು ದವಾಖಾನೆಗೆ ಓಡಿದೆ. ಹಲ್ಲಿನ ಡಾಕ್ಟರು ಅದನ್ನು ಮೊದಲಿನ ಜಾಗದಲ್ಲೇ ಕೂರಿಸಿ, ಪಕ್ಕದ ಹಲ್ಲುಗಳಿಗೆ ಸಣ್ಣ ತಂತಿ ಅಂಟಿಸಿದರು. ಇಣುಕಿ ನೋಡಿದೆ, ಹಲ್ಲು ತುಸು ಅಲುಗುತ್ತಿತ್ತು.

"ಮೇಡಂ, ಇನ್ನಷ್ಟು ಬಿಗಿ ಮಾಡ್ರಿ," ಎಂದೆ.

"ಮಾಡಬಾರದ್ರಿ ಅಜ್ಜಾರ. ಹಲ್ಲು ಎಲುಬಿಗೆ ನೇರ ಅಂಟಿರೂದಿಲ್ಲ. ನಡುವ ಸಣ್ಣ ಎಳಿ ಇರ್ತಾವ. ಹಲ್ಲು ಹಿಡಿಯೂವು, ಅಗಿಯೂ ಮುಂದ ಒತ್ತಡ ತಾಳೂವು ಅವ. ತಿಕ್ಕಿದ್ರ ಸಾಯತಿದ್ದವು. ಆಗ ಹಲ್ಲು ಎಲುಬಿಗೆ ಅಂಟ್ಕೋತದ. ದವಡಿ ಬೆಳೀತದ, ಹಲ್ಲು ಅಲ್ಲೇ ಉಳೀತದ."

"ಅಂದ್ರ ಎಂಜಿನ್ ಕೆಳಗ ಅದುರು ತಾಳೂ ರಬ್ಬರ್ ಬುಶ್ ಅನ್ರಿ!"

ಬುಶ್ ಇಲ್ಲದೆ ಎಂಜಿನ್ ಬಿಗಿಯಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳಿದವನು ನಾನು. ನನ್ನ ಬಾಯಲ್ಲೇ ಅಂಥ ಬುಶ್ ಮೂವತ್ತೆರಡು ಇದ್ದವೆಂಬುದು ಹಲ್ಲು ಎಲ್ಲ ಉದುರಿದ ಮೇಲೆ ತಿಳಿಯಿತು.

"ಹಲ್ಲು ಬರೂ ಮುಂದ ಈ ಎಳಿ, ಸುತ್ತಲಿನ ಎಲುಬು ಅದರ ಜೋಡೀನ ಬೆಳೀತಾವ್ರಿ. ಹಲ್ಲು ಹೋದ್ರ ಎಲುಬೂ ಕರಗತದ," ಎಂದು ಡಾಕ್ಟರು ನನ್ನ ಗುಳಿಬಿದ್ದ ಗಲ್ಲ ನೋಡಿದರು. ಸಾಕ್ಷಿ ಎದುರಿಗೇ ಕೂತಿತ್ತಲ್ಲ.

ಎರಡು ವಾರಕ್ಕೆ ತಂತಿ ತೆಗೆದರು. ಎಳೆಗಳು ಉಳಿದವೋ ಇಲ್ಲವೋ ತಿಳಿಯಲು ತಿಂಗಳುಗಳೇ ಬೇಕೆಂದರು. ಹೋದಾಗಲೆಲ್ಲ ಸಣ್ಣ ಸಲಾಕೆಯ ಹಿಡಿಯಿಂದ ಹಲ್ಲು ಬಡಿದು ಕೇಳುತ್ತಿದ್ದರು. ಟಣ್ ಎಂದರೆ ಎಲುಬಿಗೆ ಅಂಟಿದೆ, ಮಂದವಾಗಿ ಟಪ್ ಎಂದರೆ ಛಲೋ. ಸದ್ದು ಕೇಳಿಯೇ ಗಾಡಿಯ ರೋಗ ಹೇಳುವವನು ನಾನು. ಅಲ್ಲಿ ಮಾತ್ರ ನನ್ನ ಎದೆಬಡಿತವೇ ಕೇಳುತ್ತಿತ್ತು.

ಮೊನ್ನೆ ಮತ್ತೆ ಬಡಿದರು. ಟಪ್.

"ಎಳಿ ಹಿಡದಾವ್ರಿ. ಪೇರಲ ಹಣ್ಣು ಕಡೀಲಿ," ಅಂದರು.

ಕಡಿದಳು, ಕರಕರ! ಆವತ್ತಿನಿಂದ ವರ್ಕ್‌ಶಾಪಿಗೆ ಬಂದ ಗಿರಾಕಿಗಳಿಗೆಲ್ಲ ಅವಳ ಬಾಯಿ ತೆಗೆಸಿ ತೋರಿಸುತ್ತಿದ್ದೇನೆ. ನಿನ್ನೆ ಸಿಟ್ಟಿಗೆದ್ದಳು.

"ಅಜ್ಜಾ, ನನ್ನ ಬಾಯಿ ಟೆಂಪೋ ಬಾನೆಟ್ ಅಲ್ಲ!"